ಹಾಡಿನಲ್ಲಿ ಕಾಣೆಯಾದ ಬೆಣ್ಣೆ

ಪದ್ಮನಾಭನಗರದ ತಿರುಮಲೇಶರು ಒಂದು ಮಂಗಳವಾರ ಬೆಳಗ್ಗೆ ಪಾರ್ಕಿನ ಕಲ್ಲುಬೆಂಚಿನಿಂದ ಎದ್ದು ನಿಂತು, ಬರುವ ಭಾನುವಾರದೊಳಗೆ ತಮ್ಮ ಹಾಡುಗಳ ಭಂಡಾರದಲ್ಲಿ ಕೆಟ್ಟ ಫೈಲು ಎಂಬುದರ ಹೆಸರೇ ಇಲ್ಲದಂತೆ ಮಾಡುವುದಾಗಿಯೂ, ಮಾಡದಿದ್ದರೆ ಸಂಗೀತ ಕೇಳುವುದನ್ನೇ ಬಿಡುವುದಾಗಿಯೂ ಘೋಷಿಸಿದರು. ಕೇಳಿಸಿಕೊಂಡವರು ಇಬ್ಬರು. ಒಬ್ಬರು ವಾಕಿಂಗ್ ಗೆಳೆಯ ಸೋಮನಾಥ್. ಇನ್ನೊಬ್ಬರು ಪಕ್ಕದ ಬೆಂಚಿನಲ್ಲಿ ಪ್ರಾಣಾಯಾಮ ಮಾಡುತ್ತಿದ್ದವರು. ಅವರು ಒಂದು ಹೊಳ್ಳೆ ಮುಚ್ಚಿಕೊಂಡೇ ತಲೆಯಾಡಿಸಿದರು.

ಶಪಥಕ್ಕೆ ಕಾರಣ ಸೋಮನಾಥ್ ಅವರೇ.

"ನಿಮ್ಮ ಪೆನ್‌ಡ್ರೈವ್ ಹಾಕ್ಕೊಂಡು ಮೈಸೂರಿಗೆ ಹೋಗಿದ್ವಿ ಸಾರ್," ಎಂದು ಅವರು ಮಾತು ತೆಗೆದಿದ್ದರು. "ರಾಮನಗರ ದಾಟ್ತಿದ್ದ ಹಾಗೇ ಕಲ್ಯಾಣಿ ರಾಗ ಕರಕರ ಅನ್ನಕ್ಕೆ ಶುರುವಾಯ್ತು. ಗೇರ್‌ಬಾಕ್ಸ್ ಹೋಯ್ತು ಅಂದ್ಕೊಂಡು ಗಾಡಿ ಸೈಡಿಗೆ ಹಾಕಿ, ಬಾನೆಟ್ ಎತ್ತಿ ನೋಡ್ದೆ."

"ಆಮೇಲೆ?"

"ಇಂಜಿನ್ ಆಫ್ ಮಾಡಿದ್ರೂ ಕರಕರ ನಿಲ್ಲಲಿಲ್ಲ. ಆಗ ಗೊತ್ತಾಯ್ತು, ಕೆಟ್ಟಿರೋದು ಕಾರಲ್ಲ, ಕಲ್ಯಾಣಿ ಅಂತ."

ತಿರುಮಲೇಶರಿಗೆ ಇದು ಸಣ್ಣ ಮಾತಾಗಿರಲಿಲ್ಲ. ವಿಮಾ ಕಚೇರಿಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ಅವರ ಬಳಿ ಹೇಳಿಕೊಳ್ಳುವಂಥ ಆಸ್ತಿಯೆಂದರೆ ಒಂದು ಹಾರ್ಡ್ ಡಿಸ್ಕು. ಅದರಲ್ಲಿ ಹನ್ನೊಂದು ಸಾವಿರದ ನಾನೂರು ಹಾಡುಗಳಿದ್ದವು. ಸಂಗೀತ ಕಚೇರಿಗಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಹಿಡಿದದ್ದು, ನೆಂಟರ ಮನೆಯ ಕ್ಯಾಸೆಟ್ ಬೇಡಿ ತಂದು ಇಳಿಸಿದ್ದು, ಒಂದೊಂದಕ್ಕೂ ರಾಗ, ತಾಳ, ಊರು, ತಾರೀಖು ಬರೆದದ್ದು. ಯಾರಾದರೂ ಹಾಡು ಕೇಳಿದರೆ ಪೆನ್‌ಡ್ರೈವಿನಲ್ಲೇ ಕೊಡುತ್ತಿದ್ದರು. ಫೋನಿನಲ್ಲಿ ಕಳಿಸಿದರೆ ನಾದ ಸವೆಯುತ್ತದೆ ಎಂಬುದು ಅವರ ನಂಬಿಕೆ. ಕೊಡುವಾಗ ತಪ್ಪದೆ ಒಂದು ಮಾತು ಹೇಳುತ್ತಿದ್ದರು: "ನನ್ನ ಫೈಲಲ್ಲಿ ತಪ್ಪು ಇರಕ್ಕೆ ಸಾಧ್ಯ ಇಲ್ಲ."

ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಹೆಂಡತಿಗೆ ಶಪಥದ ವಿಷಯ ತಿಳಿಸಿದರು. ಸತ್ಯಭಾಮಾ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹುರುಳಿಕಾಯಿಯ ನಾರು ತೆಗೆಯುತ್ತಲೇ ಕೇಳಿದರು:

"ಎಲ್ಲಾನೂ ಕೇಳಿ ಪರೀಕ್ಷೆ ಮಾಡ್ತೀರಾ?"

"ಒಂದೊಂದನ್ನೂ."

"ಹಾಡಿಗೆ ಐದು ನಿಮಿಷ ಅಂದ್ರೂ ಒಂಬೈನೂರೈವತ್ತು ಗಂಟೆ ಆಯ್ತು. ದಿನಕ್ಕೆ ಹತ್ತು ಗಂಟೆ ಕೂತ್ರೆ ತೊಂಬತ್ತೈದು ದಿನ. ನೀವು ಭಾನುವಾರದೊಳಗೆ ಅಂದ್ರಿ."

"ಯಾವ ಭಾನುವಾರ ಅಂತ ಹೇಳಿಲ್ಲ," ಎಂದರು ತಿರುಮಲೇಶರು. ಆದರೆ ಹೇಳಿದ್ದರು.

ಆ ಭಾನುವಾರ ಸತ್ಯಭಾಮಾ ಅವರಿಗೂ ದೊಡ್ಡ ದಿನವೇ. ಬಡಾವಣೆಯ ಹತ್ತು ಹೆಂಗಸರು ಸೇರಿ ಕಟ್ಟಿಕೊಂಡಿದ್ದ ಭಜನಾ ಮಂಡಳಿಗೆ ಅವರೇ ಮುಂದಾಳು. ಜಯನಗರದ ಕಲ್ಯಾಣ ಮಂಟಪವೊಂದರಲ್ಲಿ ನಡೆಯುವ ದೇವರನಾಮ ಸ್ಪರ್ಧೆಗೆ ಮಂಡಳಿ ಮೊದಲ ಸಲ ಹೆಸರು ಕೊಟ್ಟಿತ್ತು. ಮೂರು ತಿಂಗಳಿಂದ ಸಂಜೆ ಸಂಜೆ ಇವರ ಮನೆಯ ಹಾಲಿನಲ್ಲೇ ಅಭ್ಯಾಸ. ಹಾಡು ಕೃಷ್ಣನ ಮೇಲಿನದು, ಹೆಚ್ಚು ಜನ ಹಾಡದ ಅಪರೂಪದ್ದು. ಆರಿಸಿ ಪೆನ್‌ಡ್ರೈವಿಗೆ ಹಾಕಿಕೊಟ್ಟವರು ತಿರುಮಲೇಶರೇ.

ಮಂಡಳಿಯಲ್ಲಿ ತಾಳ ಹಿಡಿಯುತ್ತಿದ್ದವರು ಮುರಿಗೆವ್ವ. ಗದಗಿನ ಕಡೆಯವರು, ಇವರದೇ ಮಹಡಿಯ ಮೇಲೆ ಬಾಡಿಗೆಗಿದ್ದು, ಜೋಳದ ರೊಟ್ಟಿ ಮಾಡಿ ಸುತ್ತಲಿನ ಅಂಗಡಿಗಳಿಗೆ ಕೊಡುತ್ತಿದ್ದರು. ಅಭ್ಯಾಸದ ಮೊದಲ ವಾರವೇ ಅವರು ಒಂದು ತಕರಾರು ತೆಗೆದಿದ್ದರು.

"ಸಾಹೇಬ್ರ, ಈ ಹಾಡಿನ್ಯಾಗ ಎರಡನೇ ಚರಣದಾಗ ಎರಡು ಏಟು ಕಮ್ಮಿ ಬೀಳ್ತಾವ್ರಿ."

ತಿರುಮಲೇಶರು ಕನ್ನಡಕ ಮೂಗಿನ ತುದಿಗೆ ಇಳಿಸಿ ನಕ್ಕಿದ್ದರು. "ಫೈಲಲ್ಲಿ ತಪ್ಪಾಗಕ್ಕೆ ಸಾಧ್ಯ ಇಲ್ಲ ಮುರಿಗೆವ್ವನವರೇ. ನಿಮ್ಮ ತಾಳ ಓಡ್ತಿದೆ. ಸ್ವಲ್ಪ ಹಿಡಿತ ಬೇಕು."

"ನನ್ನ ಕೈ ದಿನಾ ಇನ್ನೂರು ರೊಟ್ಟಿ ಬಡೀತೈತ್ರಿ. ಒಂದು ಏಟು ಆಚೀಚಿ ಆದ್ರ ರೊಟ್ಟಿ ಹರೀತೈತಿ."

"ರೊಟ್ಟಿ ಬೇರೆ, ರೂಪಕ ತಾಳ ಬೇರೆ," ಎಂದಿದ್ದರು ತಿರುಮಲೇಶರು, ಹತ್ತು ಹೆಂಗಸರ ಎದುರಿಗೆ. ಮುರಿಗೆವ್ವ ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಸತ್ಯಭಾಮಾ ಮೇಲೆ ಹೋಗಿ ಏನು ಹೇಳಿ ಕರೆತಂದರೋ ತಿಳಿಯದು. ಬಂದವರು ಮತ್ತೆ ವಾದಿಸಲಿಲ್ಲ. ಕಮ್ಮಿ ಬೀಳುತ್ತಿದ್ದ ಕಡೆ ತಾವೇ ಎರಡು ಏಟು ಸೇರಿಸಿ, ಹೆಂಗಸರೆಲ್ಲ ಅಲ್ಲಿ ಉಸಿರು ತೆಗೆದುಕೊಳ್ಳುವಂತೆ ಮಾಡಿ, ಹೇಗೋ ಹೊಂದಿಸಿಕೊಂಡರು. ತಿರುಮಲೇಶರು ಅದನ್ನು ಕೇಳಿ, "ನೋಡಿದ್ಯಾ, ಹೇಳಿದ ಮೇಲೆ ತಾಳ ಸರಿಹೋಯ್ತು," ಎಂದು ಹೆಂಡತಿಯ ಬಳಿ ಹಿಗ್ಗಿದ್ದರು.

ಒಂಬೈನೂರೈವತ್ತು ಗಂಟೆಯ ಲೆಕ್ಕ ಮನಸ್ಸಿಗೆ ಇಳಿದ ಮೇಲೆ ತಿರುಮಲೇಶರು ಅಂತರ್ಜಾಲ ಜಾಲಾಡಿ, ಕೆಟ್ಟ ಫೈಲುಗಳನ್ನು ತಾನೇ ಹುಡುಕಿಕೊಡುವ ಒಂದು ಪ್ರೋಗ್ರಾಂ ಇಳಿಸಿಕೊಂಡರು. ಅದು ಒಂದೊಂದೇ ಫೈಲನ್ನು ತೆರೆದು ನೋಡಿ, ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು ತೋರಿಸುತ್ತಿತ್ತು. ಬುಧವಾರ ಬೆಳಗ್ಗೆ ಅದನ್ನು ಓಡಬಿಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ತಂದೆಯಂತೆ ಎದುರು ಕುರ್ಚಿ ಹಾಕಿಕೊಂಡು ಕೂತರು. ಲ್ಯಾಪ್‌ಟಾಪಿನ ಫ್ಯಾನು ಮಿಕ್ಸಿಯಂತೆ ಕೂಗಿತು. ಸಂಜೆಯ ಹೊತ್ತಿಗೆ ಪಟ್ಟಿ ಸಿದ್ಧವಾಯಿತು. ಕೆಂಪು: ಇನ್ನೂರ ಹದಿನಾಲ್ಕು.

"ಅಷ್ಟೇನಾ?" ಎಂದರು ಸತ್ಯಭಾಮಾ. "ನೂರಕ್ಕೆ ಎರಡೂ ಇಲ್ವಲ್ಲ. ತೊಂಬತ್ತೆಂಟು ಪರ್ಸೆಂಟ್ ಪಾಸು. ನಮ್ಮ ಸ್ಕೂಲಲ್ಲಿ ಯಾವತ್ತೂ ಇಷ್ಟು ಬಂದಿರಲಿಲ್ಲ."

ಅಪ್ಪನಿಗೆ ಫೇಲಾದ ಮಕ್ಕಳೇ ಕಣ್ಣಿಗೆ ಕಟ್ಟುವುದು. ತಿರುಮಲೇಶರು ಮೂರು ಫೋಲ್ಡರು ತೆರೆದರು. ಸುಲಭವಾಗಿ ಸರಿಮಾಡಬಹುದಾದವು 'ಹೊರರೋಗಿ'. ಮೂಲ ಕ್ಯಾಸೆಟ್ಟಿನಿಂದ ಮತ್ತೆ ಇಳಿಸಬೇಕಾದವು 'ಐಸಿಯು'. ಕ್ಯಾಸೆಟ್ಟೂ ಇಲ್ಲ, ದಾರಿಯೂ ಇಲ್ಲ ಎಂಬವು 'ಸ್ವರ್ಗಸ್ಥ'. ಗುರುವಾರ ಇಡೀ ದಿನ ಅವರಿಗೆ ಅಟ್ಟದಿಂದ ಕ್ಯಾಸೆಟ್ ಪೆಟ್ಟಿಗೆ ಇಳಿಸುವುದೂ, ಹಳೆಯ ಡೆಕ್ಕಿಗೆ ಹಾಕಿ ಮತ್ತೆ ಇಳಿಸುವುದೂ, ಹಳೆಯ ಕೆಟ್ಟ ಫೈಲನ್ನು ಮತ್ತೆಂದೂ ಸಿಗದಂತೆ ಅಳಿಸಿಹಾಕುವುದೂ ಆಯಿತು. ಮಧ್ಯಾಹ್ನ ಕಾಫಿ ತಂದ ಸತ್ಯಭಾಮಾ ಪರದೆಯತ್ತ ಬಗ್ಗಿ ನೋಡಿ ಗಾಬರಿಯಾದರು.

"ಅಯ್ಯೋ, ಇವರು ಯಾವಾಗ ಹೋಗಿಬಿಟ್ರು? ಮೊನ್ನೆ ತಾನೇ ಟೀವಿಲಿ ಹಾಡ್ತಿದ್ರು."

"ಅವರು ಹೋಗಿಲ್ಲ ಕಣೇ, ಅವರ ತೋಡಿ ರಾಗ ಹೋಯ್ತು."

"ಮತ್ತೆ ಸ್ವರ್ಗಸ್ಥ ಅಂತ ಅವರ ಹೆಸರು ಬರ್ದಿದ್ದೀರಲ್ಲ. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?"

ಶುಕ್ರವಾರ ಸಂಜೆ ಪಟ್ಟಿಯ ನೂರ ಅರವತ್ತೇಳನೇ ಹೆಸರು ಬಂತು. ಅದನ್ನು ಓದಿ ತಿರುಮಲೇಶರು ಕಣ್ಣು ಉಜ್ಜಿಕೊಂಡರು. ಮಂಡಳಿಯ ಹಾಡು. 'ಮಧ್ಯದಲ್ಲಿ ಭಾಗ ಕಾಣೆಯಾಗಿದೆ' ಎಂಬ ಷರಾ ಕೆಂಪಕ್ಷರದಲ್ಲಿತ್ತು.

ಇರಲಾರದು ಎಂದುಕೊಂಡು ಮೂಲ ಕ್ಯಾಸೆಟ್ ಹುಡುಕಿ, ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಎರಡನೇ ಚರಣದಲ್ಲಿ ಗಾಯಕಿ ನಿಧಾನವಾಗಿ, ಒಂದಕ್ಷರವನ್ನೂ ನುಂಗದೆ ಹಾಡುತ್ತಿದ್ದರು:

"ಗೋಪಿಯರ ಮನೆಯಲ್ಲಿ ಬೆಣ್ಣೆ ಕದ್ದವನೇ, ಗೋಕುಲದ ಹಸುಗಳ ಮನ ಗೆದ್ದವನೇ..."

ಹೆಡ್‌ಫೋನ್ ತೆಗೆದರು. ಹಾಲಿನಿಂದ ಹತ್ತು ಹೆಂಗಸರ ದನಿ ತೇಲಿಬಂತು:

"ಗೋಪಿಯರ ಮನ..." ಝಣ್, ಝಣ್, "...ಗೆದ್ದವನೇ..."

ತಿರುಮಲೇಶರು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಇನ್ನೊಮ್ಮೆ ಕೇಳಿದರು. ಯಾವಾಗಲೋ ಹಳೆಯ ಡಿಸ್ಕಿನಿಂದ ಹೊಸದಕ್ಕೆ ಸಾಗಿಸುವಾಗ ಹಾಡಿನ ಮಧ್ಯದಿಂದ ಕೆಲವು ಸೆಕೆಂಡು ಉದುರಿಹೋಗಿತ್ತು. ಮೊದಲ ಸಾಲಿನ 'ಮನೆ'ಯಿಂದ ನೇರ ಎರಡನೇ ಸಾಲಿನ 'ಮನ'ಕ್ಕೆ ಹಾರಿದ್ದರಿಂದ ಗಾಯವೇ ಕಾಣದಂತೆ ಹೊಲಿದುಕೊಂಡಿತ್ತು. ಹೋಗಿದ್ದು ಬೆಣ್ಣೆ. ಬೆಣ್ಣೆಯ ಜೊತೆಗೆ ಗೋಕುಲದ ಅಷ್ಟೂ ಹಸುಗಳು. ಕೃಷ್ಣ ಕದ್ದದ್ದನ್ನೇ ಫೈಲು ಕದ್ದಿತ್ತು. ಮತ್ತು ಮೂರು ತಿಂಗಳ ಹಿಂದೆ, ಹತ್ತು ಜನರ ಎದುರು, ತಾಳ ಸರಿಯಾಗಿ ಹಿಡಿದಿದ್ದ ಹೆಂಗಸಿಗೆ ತಾವು ತಾಳದ ಪಾಠ ಹೇಳಿದ್ದರು.

ಆ ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದರು. ಒಂದು ಸಲ "ಉಪ್ಪಿನಕಾಯಿ" ಎಂದರು, ಇನ್ನೊಂದು ಸಲ "ಮಜ್ಜಿಗೆ" ಎಂದರು.

ಹೇಳಲಾಗದವರು ಉಪಾಯ ಹೂಡಿದರು. ಕ್ಯಾಸೆಟ್ಟಿನಿಂದ ಹಾಡನ್ನು ಹೊಸದಾಗಿ ಇಳಿಸಿ, ಹಳೆಯದನ್ನು ಡಿಸ್ಕಿನಿಂದ ನಿರ್ನಾಮ ಮಾಡಿ, ಪೆನ್‌ಡ್ರೈವಿನಲ್ಲೂ ಸದ್ದಿಲ್ಲದೆ ಹೊಸದನ್ನೇ ತುಂಬಿಟ್ಟರು. ಹೆಂಗಸರು ಜಾಣೆಯರು, ಒಂದು ಸಲ ಕೇಳಿದರೆ ತಾವಾಗಿಯೇ ತಿದ್ದಿಕೊಳ್ಳುತ್ತಾರೆ, ತಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂಬ ಲೆಕ್ಕ.

ಶನಿವಾರ ಬೆಳಗ್ಗೆ ಹತ್ತಕ್ಕೆ ಕೊನೆಯ ಅಭ್ಯಾಸ. ಸ್ಪೀಕರಿಗೆ ಪೆನ್‌ಡ್ರೈವ್ ಹಾಕಿ, ಅದರ ಜೊತೆಗೇ ಹಾಡತೊಡಗಿದರು. ತಿರುಮಲೇಶರು ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು. ಎರಡನೇ ಚರಣ ಬಂತು. ಮಂಡಳಿ "ಮನ" ಎಂದು ಉಸಿರು ಎಳೆದುಕೊಂಡಿತು. ಸ್ಪೀಕರು "ಮನೆಯಲ್ಲಿ ಬೆಣ್ಣೆ" ಎಂದಿತು. ಮಂಡಳಿ "ಗೆದ್ದವನೇ" ಎಂದಿತು. ಸ್ಪೀಕರು "ಕದ್ದವನೇ" ಎಂದಿತು. ಅರ್ಧ ಜನ ಗೆದ್ದರು, ಅರ್ಧ ಜನ ಕದ್ದರು. ಮುರಿಗೆವ್ವನ ತಾಳ ಗಾಳಿಯಲ್ಲೇ ನಿಂತಿತು.

ಎಲ್ಲರೂ ಸ್ಪೀಕರಿನತ್ತ ತಿರುಗಿದರು.

"ರೀ," ಎಂದು ಸತ್ಯಭಾಮಾ ಕರೆದರು, "ಸ್ವಲ್ಪ ಬನ್ನಿ ಇಲ್ಲಿ. ಈ ಫೈಲ್ ಕೆಟ್ಟುಹೋಗಿದೆ."

"ಕೆಟ್ಟಿದ್ಯಾ?"

"ಹೂಂ. ಮಧ್ಯದಲ್ಲಿ ಎಲ್ಲಿಂದಲೋ ಬೆಣ್ಣೆ ಸೇರ್ಕೊಂಡಿದೆ. ನಿನ್ನೆವರೆಗೂ ಚೆನ್ನಾಗಿತ್ತು."

"ಹಸುಗಳೂ ಬಂದಾವ್ರಿ," ಎಂದರು ಮುರಿಗೆವ್ವ.

"ಅಂಕಲ್, ನಾಳೆ ಕಾಂಪಿಟೇಶನ್ನು. ಪ್ಲೀಸ್ ಮೊದಲಿದ್ದ ಹಾಗೇ ಮಾಡಿಕೊಡಿ," ಎಂದು ಇಟ್ಟಮಡುವಿನಿಂದ ಬರುತ್ತಿದ್ದ ಇಂಚರ ಎಂಬ ಹುಡುಗಿ ಅಳುವ ದನಿಯಲ್ಲಿ ಹೇಳಿದಳು.

ಹೇಳಬೇಕಾದ್ದು ಅಲ್ಲೇ, ಆಗಲೇ. ತಿರುಮಲೇಶರು ಮುರಿಗೆವ್ವನ ಮುಖ ನೋಡಿದರು. "ನೋಡ್ತೀನಿ, ಸಣ್ಣ ದೋಷ ಇರ್ಬೇಕು," ಎಂದು ಪೆನ್‌ಡ್ರೈವ್ ಕಿತ್ತುಕೊಂಡು ಕೋಣೆ ಸೇರಿದರು.

ಅಲ್ಲಿ ನೆನಪಾಯಿತು: ಮೊದಲಿದ್ದ ಫೈಲು ಈಗ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ.

ಹೀಗಾಗಿ, ಕೆಟ್ಟ ಫೈಲುಗಳನ್ನು ನಿರ್ಮೂಲ ಮಾಡಲು ಹೊರಟ ತಿರುಮಲೇಶರು ಶನಿವಾರ ಹಗಲೆಲ್ಲ ಕೂತು ಒಂದು ಒಳ್ಳೆಯ ಫೈಲನ್ನು ಕೈಯಾರೆ ಕೆಡಿಸಿದರು. ಕೆಡಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಹಾಡು ಕತ್ತರಿಸುವ ಪ್ರೋಗ್ರಾಮಿನಲ್ಲಿ ಗೆರೆ ಎಳೆದು ಮೊದಲ ಸಲ ತುಂಡು ಮಾಡಿದಾಗ "ಗೋಪಿಯರ ಮನೆ ಗೆದ್ದವನೇ" ಎಂದು ಬಂತು. ಕೃಷ್ಣನಿಗೆ ಲಕ್ಕಿ ಡಿಪ್ಪಿನಲ್ಲಿ ಮನೆ ಬಂದ ಹಾಗೆ. ಎರಡನೇ ಸಲ "ಗೋಪಿಯರ ಹಸುಗಳ ಮನ ಗೆದ್ದವನೇ" ಆಯಿತು. ಐದನೇ ಸಲ ಬೆಣ್ಣೆ ಹೋಗಿ ಬರಿಯ ಎಣ್ಣೆ ಉಳಿಯಿತು. ಕಾಣೆಯಾದದ್ದು ತಾನೇ ತಾನಾಗಿ ಎಷ್ಟು ಚೊಕ್ಕವಾಗಿ ಕಾಣೆಯಾಗಿತ್ತು ಎಂದು ತಿರುಮಲೇಶರಿಗೆ ಹಳೆಯ ಫೈಲಿನ ಮೇಲೆ ಗೌರವವೇ ಹುಟ್ಟಿತು. ಹದಿನೇಳನೇ ಪ್ರಯತ್ನಕ್ಕೆ, ಸಂಜೆ ಐದರ ಹೊತ್ತಿಗೆ, "ಗೋಪಿಯರ ಮನ ಗೆದ್ದವನೇ" ಸಿಕ್ಕಿತು.

ಸತ್ಯಭಾಮಾ ಕೇಳಿ ನೋಡಿ, "ಈಗ ಸರಿಯಾಯ್ತು. ಎಷ್ಟು ಚೆನ್ನಾಗಿ ರಿಪೇರಿ ಮಾಡಿದ್ರಿ," ಎಂದರು. ಆ ಹೊಗಳಿಕೆ ತಿರುಮಲೇಶರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು. ಅವರು ಹುಟ್ಟಿನಿಂದ ಮೀನು ತಿಂದವರಲ್ಲ, ಆದರೂ ಹೀಗೇ ಇರಬೇಕು ಎನ್ನಿಸಿತು.

ಭಾನುವಾರ ಕಲ್ಯಾಣ ಮಂಟಪ ತುಂಬಿತ್ತು. ಹದಿನಾಲ್ಕು ತಂಡಗಳು. ಬಾಟಲಿ ಹಸಿರು ಸೀರೆಯಲ್ಲಿ ಒಂದೇ ಸಾಲಾಗಿ ಕೂತ ಮಂಡಳಿಯನ್ನು ನೋಡಿದಾಗ ತಿರುಮಲೇಶರಿಗೆ ಮೂರನೇ ಸಾಲಿನ ಕುರ್ಚಿಯಲ್ಲಿ ಬೆವರು ಬಂತು. ಆದರೆ ಹಾಡು ಎದ್ದ ರೀತಿಗೆ ಅವರು ಹೆದರಿಕೆಯನ್ನೂ ಮರೆತರು. ಎರಡನೇ ಚರಣದಲ್ಲಿ ಹತ್ತು ದನಿಗಳು ಒಟ್ಟಿಗೆ "ಮನ" ಎಂದು ನಿಂತವು. ಆ ನಿಶ್ಶಬ್ದದಲ್ಲಿ ಮುರಿಗೆವ್ವನ ಎರಡು ಏಟು, ಝಣ್, ಝಣ್. ಆಮೇಲೆ ಎಲ್ಲರೂ ಒಂದೇ ಉಸಿರಿಗೆ "ಗೆದ್ದವನೇ" ಎಂದು ಎತ್ತಿಕೊಂಡರು. ಸಭೆಯಲ್ಲಿ ಯಾರೋ "ಆಹಾ" ಎಂದರು.

ಎಲ್ಲ ಮುಗಿದ ಮೇಲೆ ತೀರ್ಪುಗಾರರಲ್ಲಿ ಹಿರಿಯರಾದ, ವೀಣೆಯ ಮೇಷ್ಟ್ರು ಚಕ್ರಪಾಣಿ ಮೈಕು ಹಿಡಿದರು.

"ಪದ್ಮನಾಭನಗರದ ತಾಯಂದಿರನ್ನ ಒಂದು ಮಾತು ಕೇಳ್ಬೇಕು," ಎಂದರು. "ನಾನು ಈ ಹಾಡನ್ನ ಐವತ್ತು ವರ್ಷದಿಂದ ಕೇಳ್ತಾ ಬಂದಿದ್ದೀನಿ. ಆ ಜಾಗದಲ್ಲಿ ಬೆಣ್ಣೆ ಬರ್ಬೇಕು, ಹಸು ಬರ್ಬೇಕು. ನೀವು ಎರಡನ್ನೂ ಬಿಟ್ರಿ. ಬಿಟ್ರೆ ತಾಳ ಮುರೀಬೇಕು. ಆದ್ರೆ ಮುರೀಲಿಲ್ಲ. ಎರಡೇ ಎರಡು ಏಟಲ್ಲಿ ಅದನ್ನ ಕೂಡಿಸಿದ್ದಾರಲ್ಲ ಆ ತಾಳದವರು, ಅದು ಸಾಮಾನ್ಯ ಕೆಲಸ ಅಲ್ಲ. ಯಾವ ಗುರುಗಳ ಪಾಠ ಇದು?"

ಮೈಕು ಮುರಿಗೆವ್ವನ ಕೈಗೆ ಬಂತು. ಅವರು ಅದನ್ನು ಒಂದು ಗಳಿಗೆ ರೊಟ್ಟಿ ಹಿಟ್ಟು ನಾದುವ ಮರದ ಕೊಣಮಿಗೆಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಗುರುಗಳು ಯಾರೂ ಇಲ್ರಿ. ನನಗ ಅಲ್ಲಿ ಎರಡು ಏಟು ಕಮ್ಮಿ ಬೀಳ್ತಿತ್ತು. ನನ್ನ ತಾಳಾನ ತಪ್ಪು ಅಂದ್ರು. ಅದಕ್ಕ ಹೆಂಗೋ ಹೊಂದಿಸಿಕೊಂಡೇನ್ರಿ."

ಯಾರು ಹಾಗಂದರು ಎಂದು ಅವರು ಹೇಳಲಿಲ್ಲ. ಮೂರನೇ ಸಾಲಿನ ಕಡೆ ನೋಡಲೂ ಇಲ್ಲ. ಅದನ್ನು ತಾಳಿಕೊಳ್ಳುವುದು ತಿರುಮಲೇಶರಿಂದ ಆಗಲಿಲ್ಲ. ಎದ್ದು ನಿಂತರು. ನಿಂತ ಮೇಲೆ ಏನು ಹೇಳುವುದೆಂದು ತಿಳಿಯಲಿಲ್ಲ, ಆದರೆ ಕೂರಲೂ ಆಗದಷ್ಟು ಜನ ಆಗಲೇ ತಿರುಗಿ ನೋಡಿದ್ದರು.

"ಸಾರ್, ನಾನು ಅಂದಿದ್ದು," ಎಂದರು. "ಅದು ಪಾಠ ಅಲ್ಲ ಸಾರ್. ಹಾಡು ಕೊಟ್ಟಿದ್ದು ನಾನು. ನನ್ನ ಫೈಲ್ ಕೆಟ್ಟಿತ್ತು. ಇವರು ಮೊದಲ ವಾರವೇ ಕಂಡುಹಿಡಿದಿದ್ರು. ನಾನು ಫೈಲ್ ನೋಡದೇನೇ ಎಲ್ಲರ ಮುಂದೆ ಇವರ ತಾಳ ತಪ್ಪು ಅಂದ್ಬಿಟ್ಟೆ. ಶುಕ್ರವಾರ ನಂಗೆ ಗೊತ್ತಾಯ್ತು. ಗೊತ್ತಾದ ಮೇಲೂ ಬಾಯಿ ಬಿಡ್ಲಿಲ್ಲ. ಒಳ್ಳೆ ಫೈಲನ್ನ ಮತ್ತೆ ಕೆಡಿಸಿಕೊಟ್ಟೆ. ತಪ್ಪಾಯ್ತು ಮುರಿಗೆವ್ವನವರೇ. ನಿಮ್ಮ ತಾಳ ಸರಿ ಇತ್ತು."

ಮುರಿಗೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಮೈಕಿನಲ್ಲೇ ಹೇಳಿದರು:

"ಇರ್ಲಿ ಬಿಡ್ರಿ ಸಾಹೇಬ್ರ. ಬೆಣ್ಣಿ ಸಿಕ್ತಲ್ಲ, ಅಷ್ಟ ಸಾಕು."

ಸಭೆ ನಕ್ಕಿತು. ಚಕ್ರಪಾಣಿಯವರೂ ನಕ್ಕರು. ಸಾಹಿತ್ಯ ಲೋಪಕ್ಕಾಗಿ ಮಂಡಳಿಗೆ ಮೊದಲ ಬಹುಮಾನ ತಪ್ಪಿ ಎರಡನೆಯದು ಬಂತು. ತಾಳಕ್ಕೆಂದು ಪಟ್ಟಿಯಲ್ಲೇ ಇಲ್ಲದ ಒಂದು ವಿಶೇಷ ಬಹುಮಾನವನ್ನು ಅಲ್ಲೇ ಹುಟ್ಟಿಸಿ, ಮುರಿಗೆವ್ವನಿಗೆ ಶಾಲು ಹೊದಿಸಿದರು.

ಮನೆಗೆ ಬರುವಾಗ ಆಟೋದಲ್ಲಿ ತಿರುಮಲೇಶರು ಹೆಂಡತಿಯ ಮುಖ ನೋಡದೆ ಕೇಳಿದರು:

"ನನ್ನಿಂದ ಮೊದಲ ಬಹುಮಾನ ಹೋಯ್ತು. ಬೇಜಾರಾಯ್ತಾ?"

"ಇಲ್ಲ. ನಂಗೆ ನಿನ್ನೆ ಬೆಳಗ್ಗೆನೇ ಗೊತ್ತಾಯ್ತಲ್ಲ."

"ಏನು ಗೊತ್ತಾಯ್ತು?"

"ಬೆಣ್ಣೆ ಅಂತ ಬಂದ ತಕ್ಷಣ ನೀವು ಅಡುಗೆಮನೆ ಬಾಗಿಲಲ್ಲಿ ಕಣ್ಣು ಮುಚ್ಕೊಂಡ್ರಿ. ಮೂವತ್ತು ವರ್ಷ ಪಾಠ ಮಾಡಿದ್ದೀನಿ, ಕಾಪಿ ಹೊಡೆದವರ ಮುಖ ನಂಗೆ ಗೊತ್ತಾಗಲ್ವೇನ್ರಿ?"

"ಮತ್ತೆ ನೀನೇ ಫೈಲ್ ಕೆಟ್ಟಿದೆ ಅಂದೆ. ಬೆಣ್ಣೆ ತೆಗೆಸ್ದೆ. ಹದಿನೇಳು ಸಲ ಕತ್ತರಿಸ್ದೆ ಕಣೇ ನಾನು."

"ಒಂದೇ ದಿನದಲ್ಲಿ ಹತ್ತು ಜನರ ಬಾಯಿ ತಿದ್ದಕ್ಕಾಗುತ್ತಾ? ಹಾಡು ಇನ್ನೊಂದು ವಾರಕ್ಕೆ ತಿದ್ಕೋಬಹುದು. ಮುರಿಗೆವ್ವನ ವಿಷಯ ನಾನು ತಿದ್ದೋದಲ್ಲ. ಅದನ್ನ ನೀವೇ ಹೇಳ್ಬೇಕಿತ್ತು. ಯಾವಾಗ ಹೇಳ್ತೀರೋ ನೋಡೋಣ ಅಂತ ಕಾದೆ." ಸೆರಗು ಸರಿಮಾಡಿಕೊಂಡು ಅವರೇ ಸೇರಿಸಿದರು, "ಚೆನ್ನಾಗಿ ಹೇಳಿದ್ರಿ."

ತಿರುಮಲೇಶರಿಗೆ ಮನಸ್ಸು ಹಗುರಾಯಿತು. ಆಟೋ ಬನಶಂಕರಿಯ ಸಿಗ್ನಲ್ಲಿನಲ್ಲಿ ನಿಂತಾಗ ಹೆಂಡತಿಯ ಫೋನು ಟಣ್ ಎಂದಿತು. ತೀರ್ಪುಗಾರರ ಮಾತನ್ನು ಗದಗಿನ ಅಕ್ಕನಿಗೆ ಕೇಳಿಸಬೇಕೆಂದು ಮುರಿಗೆವ್ವ ವೇದಿಕೆಯ ಮೇಲೆ ಫೋನಿನ ರೆಕಾರ್ಡಿಂಗ್ ಒತ್ತಿ ಮಡಿಲಲ್ಲಿಟ್ಟುಕೊಂಡೇ ಕೂತಿದ್ದರಂತೆ. ಈಗ ಮಂಡಳಿಯ ಗುಂಪಿಗೆ ಕಳಿಸಿದ್ದರು. ಸತ್ಯಭಾಮಾ ಒತ್ತಿದರು. ಆಟೋದ ತುಂಬ ತಿರುಮಲೇಶರದೇ ದನಿ ಮೊಳಗಿತು: "ನನ್ನ ಫೈಲ್ ಕೆಟ್ಟಿತ್ತು. ಇವರು ಮೊದಲ ವಾರವೇ ಕಂಡುಹಿಡಿದಿದ್ರು..." ಆರಂಭದಿಂದ "ನಿಮ್ಮ ತಾಳ ಸರಿ ಇತ್ತು" ಎನ್ನುವವರೆಗೆ. ಡ್ರೈವರು ಕನ್ನಡಿಯಲ್ಲಿ ಇವರನ್ನೊಮ್ಮೆ ನೋಡಿದ. ಕೆಳಗೆ ಮುರಿಗೆವ್ವನ ಒಂದು ಸಾಲು: 'ಪೂರಾ ಬಂದೈತ್ರಿ. ಎಲ್ಲೂ ಹಾರಿಲ್ಲ.'

"ಸತ್ಯಾ, ಅದನ್ನ ಡಿಲೀಟ್ ಮಾಡಕ್ಕೆ ಹೇಳು," ಎಂದರು ತಿರುಮಲೇಶರು ಮೆಲ್ಲಗೆ.

"ಎಲ್ಲಿ ಅಂತ ಮಾಡಿಸ್ತೀರಿ? ಹತ್ತು ಜನಾನೂ ಆಗ್ಲೇ ಇಳಿಸ್ಕೊಂಡಿದ್ದೀವಿ. ಒಬ್ಬರ ಹತ್ರ ಕೆಟ್ರೆ ಇನ್ನೊಬ್ಬರ ಹತ್ರ ಇರುತ್ತೆ," ಎಂದು ಸತ್ಯಭಾಮಾ ಫೋನನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡರು. "ಬ್ಯಾಕಪ್ ಅಂದ್ರೆ ಹೀಗಿರ್ಬೇಕು ನೋಡಿ."